ಮೂರನೇ ಗೇರಿನ ಅಪವಾದ

ಅಪ್ಪನಿಗೆ,

ತೀರ್ಥರೂಪು ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ನೀನು ಹೋಗಿ ವರ್ಷವಾಗುತ್ತ ಬಂತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಊರೆಲ್ಲ ಹೇಳುತ್ತದೆ. ಬದುಕಿದ್ದಾಗ ನಿನ್ನ ಮೇಲೆ ಸಿಟ್ಟಾಗಲು ಯಾರಿಗೆ ಧೈರ್ಯವಿತ್ತು? ಆಗಲೂ ಬೇಡ, ಈಗಲೂ ಬೇಡ ಎಂದರೆ ನಾನು ಸಿಟ್ಟಾಗುವುದು ಯಾವಾಗ?

ಮೂರು ತಿಂಗಳ ಹಿಂದೆ ಅವ್ವನನ್ನು ಲಿಂಗಸುಗೂರಿನ ಕಣ್ಣಿನ ಡಾಕ್ಟರರಿಗೆ ತೋರಿಸಲು ಹೊರಟಿದ್ದೆವು. ನಿನ್ನ ಕಾರು, ತಮ್ಮ ಮಲ್ಲು ಓಡಿಸುತ್ತಿದ್ದ. ನಮ್ಮ ಮಸ್ಕಿ ದಾಟಿದ ಮೇಲೆ ಮೂರನೇ ಗೇರು ತಾನಾಗಿಯೇ ಕಳಚಿತು. ಇಂಜಿನ್ ಅರಚಿಕೊಂಡಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದ. ಮಲ್ಲು ಎಡಗೈಯಲ್ಲಿ ಗೇರು ಒತ್ತಿ ಹಿಡಿದೇ ಲಿಂಗಸುಗೂರು ಮುಟ್ಟಿಸಿದ. ಇಳಿಯುವಾಗ, "ಅಕ್ಕಾ, ನಿನ್ನ ಪ್ರತಾಪ ಇನ್ನೂ ನಡದದ ನೋಡು" ಎಂದ. ಅವ್ವ ನಕ್ಕಳು. ನಾನೂ ನಕ್ಕೆ. ಏಳು ವರ್ಷದಿಂದ ನಕ್ಕು ನಕ್ಕು ರೂಢಿಯಾಗಿದೆ.

ಏಳು ವರ್ಷದ ಹಿಂದಿನ ಆ ಬೆಳಿಗ್ಗೆ ನಿನಗೆ ನೆನಪಿದೆಯೇ? ಮುದಗಲ್ಲಿನ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ದಿನಾ ಎರಡು ಬಸ್ಸು ಹಿಡಿಯಬೇಕು, ಗಾಡಿ ಕಲಿಸು ಎಂದು ನಿನ್ನ ಬೆನ್ನು ಬಿದ್ದಿದ್ದೆ. ಹಟ್ಟಿಯ ಗಣಿಯಿಂದ ನಿವೃತ್ತನಾಗಿ ಬಂದು ಕೊಂಡ ಕಾರದು, ಮಕ್ಕಳಿಗಿಂತ ಹೆಚ್ಚು ಅದರ ಮೈ ಒರೆಸಿದವನು ನೀನು. ಅಂಥ ನೀನು ಹನ್ನೊಂದು ದಿನ ಕಲಿಸಿದೆ. ಹನ್ನೆರಡನೇ ದಿನ ಗೇರಿನ ಕೆಳಗೆ ಏನೋ ಗೊರಗೊರ ಅಂದಿತು. "ಇಳಿ ಕೆಳಗ" ಎಂದು ನೀನು ಗದರಿದೆ. "ಹೆಣ್ಣಿನ ಕಾಲು ಕ್ಲಚ್ ಮ್ಯಾಲ ಬಿದ್ರ ಗೇರ್ ಬಾಕ್ಸ್ ಉಳಿತದೇನು?" ಕೀಲಿ ಕಿತ್ತುಕೊಂಡು ಉಡುದಾರಕ್ಕೆ ಕಟ್ಟಿಕೊಂಡೆ. ಅವತ್ತಿನಿಂದ ಆ ಕೀಲಿಯನ್ನು ನಾನು ಕೈಯಿಂದ ಮುಟ್ಟಿರಲಿಲ್ಲ.

ನನ್ನ ನಿಶ್ಚಿತಾರ್ಥದ ದಿನ ಪಂಕ್ತಿಯಲ್ಲಿ ಕೂತು ನೀನು ಬೀಗರಿಗೆ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಅಡಗಿ ಮಾಡತಾಳ, ಪಾಠ ಹೇಳತಾಳ, ಗಾಡಿ ಮಾತ್ರ ಕೊಡಬ್ಯಾಡ್ರಿ. ನಂದೊಂದು ಗೇರ್ ಬಾಕ್ಸ್ ತಿಂದು ನೀರು ಕುಡದಾಳ." ಎಲೆ ಮುಂದೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಇದೇ ಊರಿನವನಾದ ನನ್ನ ಗಂಡ ಇವತ್ತಿನವರೆಗೆ ತನ್ನ ಸ್ಕೂಟರಿನ ಕೀಲಿಯನ್ನೂ ಕೈಗೆ ಕೊಟ್ಟಿಲ್ಲ. ನೀನೋ, ಬೆಳಿಗ್ಗೆ ಅದೇ ಕಾರಿನಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು, ತುಂಬಿದ ಬಸ್ಸಿನಲ್ಲಿ ಬ್ಯಾಗು ಹಿಡಿದು ಜೋಲಿ ಹೊಡೆಯುವವಳನ್ನು ನೋಡುತ್ತ, "ಹುಷಾರ್ ಹೋಗು ಬೇ" ಎನ್ನುತ್ತಿದ್ದೆ. ಎಷ್ಟು ಕಾಳಜಿ ಅಪ್ಪಾ ನಿನಗೆ!

ಅಮವಾಸ್ಯೆಗಳನ್ನು ನೆನಪು ಮಾಡಿಕೊ. ತಿಂಗಳಿಗೊಮ್ಮೆ ಗಾಡಿ ಪೂಜೆ, ಅದಕ್ಕೂ ಮೊದಲು ಗಾಡಿಯ ಸ್ನಾನ. ಮನೆಯ ನಲ್ಲಿ ನೀರು ನಿನಗೆ ಆಗುತ್ತಿರಲಿಲ್ಲ. ಮಸ್ಕಿಯಿಂದ ಸಿಂಧನೂರು ದಾಟಿ ದಢೇಸುಗೂರಿನ ಕಾಲುವೆಗೇ ಹೋಗಬೇಕು. ಟ್ರ್ಯಾಕ್ಟರ್ ಇಳಿಸುವ ಇಳಿಜಾರಿನಲ್ಲಿ ಕಾರು ಇಳಿಸಿ, ಅರ್ಧ ಗಾಲಿ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ದಂಡೆಯ ಮೇಲೆ ಅಲ್ಲಿಯ ರೈತ ಗೆಳೆಯನ ಜೊತೆ ಭತ್ತದ ಮಾತು ಶುರು ಮಾಡುತ್ತಿದ್ದೆ. ಕಾರು ಎತ್ತಿನ ಹಾಗೆ ತಾಸುಗಟ್ಟಲೆ ನೀರಲ್ಲಿ. "ಓಡಿ ಬಂದ ಗಾಡಿ, ಹರಿಯೋ ನೀರಾಗ ನಿಂತ್ರ ತಂಪು ಆಗತದ" ಎನ್ನುತ್ತಿದ್ದೆ. ಮನೆಗೆ ಬಂದ ಮೇಲೆ ಕುಂಕುಮ ಕಲಸುವುದು, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡುವುದು ನನ್ನ ಕೆಲಸ. ಇಟ್ಟು ದೂರ ಸರಿಯಬೇಕು. ಗಾಡಿ ಹತ್ತಿಸಿ ಲಿಂಬೆಹಣ್ಣು ಜಜ್ಜುವವನು ನೀನು, ಹೆಂಗಸರಲ್ಲ.

ಗೇರು ಕಳಚಿದ ಮರುವಾರ ಮಲ್ಲು ಲಿಂಗಸುಗೂರಿನಿಂದ ಗಿರಾಕಿಯನ್ನು ಕರೆತಂದ. ಹಳೇ ಗಾಡಿಗೆ ರೊಕ್ಕ ಸುರಿಯುವುದಕ್ಕಿಂತ ಮಾರಿಬಿಡೋಣ ಎಂಬುದು ಅವನ ಲೆಕ್ಕ. ಅವ್ವನೂ ಹೂಂ ಅಂದಿದ್ದಳು. ನಾನೂ ಪೀಡೆ ತೊಲಗಲಿ ಅಂದುಕೊಂಡಿದ್ದೆ. ಗಿರಾಕಿ ಒಂದು ಸುತ್ತು ಓಡಿಸಿ ಬಂದು, "ಗೇರ್ ನಿಲ್ಲವಲ್ದಲ್ಲ, ಯಾಕ?" ಎಂದು ಕೇಳಿದ. ಮಲ್ಲು ತಡ ಮಾಡದೆ ನನ್ನ ಕಡೆ ಬೆರಳು ತೋರಿಸಿದ. "ನಮ್ಮಕ್ಕ ಕಲಿಯಾಗ ಕೆಡಿಸ್ಯಾಳ್ರೀ. ಬ್ಯಾರೆ ಏನ್ ದೋಷ ಇಲ್ಲ." ಆ ಮನುಷ್ಯ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ಗಾಡಿಯ ಜೊತೆ ನನ್ನ ಹೆಸರನ್ನೂ ಇನ್ನೊಬ್ಬರ ಮನೆಗೆ ಸಾಗಹಾಕುವ ವ್ಯಾಪಾರವೇ ಇದು? "ಗಾಡಿ ಮಾರೂದಿಲ್ಲ" ಎಂದೆ. "ಮೊದಲ ಬಿಚ್ಚಿಸಿ ನೋಡೋಣು. ನಾನ ಕೆಡಿಸಿದ್ರ ನಾನ ಮಾಡಿಸಿ ಕೊಡತೀನಿ, ಆಮ್ಯಾಲೆ ಯಾರಿಗರ ಮಾರ್ರಿ."

ಸಿಂಧನೂರಿನ ನಿನ್ನ ಮೌಲಾಸಾಬನ ಗ್ಯಾರೇಜಿಗೇ ಒಯ್ದೆವು. ಮೊದಲಿನಿಂದಲೂ ನಿನ್ನ ಕಾರು ನೋಡಿದ ಮೆಕ್ಯಾನಿಕ್ ಅವನೇ ಅಲ್ಲವೇ? ಗೇರ್ ಬಾಕ್ಸಿನ ತಳದ ನಟ್ಟು ಬಿಚ್ಚಿದ. ಆಯಿಲ್ ಬರಬೇಕಾದಲ್ಲಿ ಬೆಳ್ಳಗೆ, ಮಜ್ಜಿಗೆಯಂಥದ್ದು ಇಳಿಯಿತು. ಒಳಗಿನ ಬೇರಿಂಗಿಗೆಲ್ಲ ತುಕ್ಕು. "ನೀರು ಹೋಗ್ಯದ್ರೀ ಅಕ್ಕಾರ. ಕಾದ ಡಬ್ಬಿ ತಣ್ಣೀರಾಗ ನಿಂತ್ರ ನೀರು ಒಳಗ ಎಳಕೊಂತದ." ನಾನು ಕಲಿಯುವಾಗ ಹೀಗಾಗಿರಬಹುದೇ ಎಂದು ಕೇಳಿದೆ. "ಕಲಿಯೋರು ಕ್ಲಚ್ ಪ್ಲೇಟ್ ಸವಸ್ತಾರ, ಅದು ಬ್ಯಾರೆ. ಇದು ಕಾಲುವಿ ನೀರಿನ ಕೆಲಸ" ಎಂದವನು, ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ. "ಯಜಮಾನ್ರಿಗೆ ಆಗಲೇ ಹೇಳಿದ್ನೆಲ್ಲರೀ. ಮನ್ಯಾಗ ಹೇಳಿಲ್ಲೇನು?"

ಯಾವಾಗ ಎಂದು ಕೇಳಿದೆ. ಮೊದಲ ಸಲ ಗೊರಗೊರ ಅಂದ ವಾರವೇ ಅಂತೆ. ಆಯಿಲ್ ಬದಲಿಸಿ, ಇನ್ನು ಕಾಲುವೆಗೆ ಇಳಿಸಬೇಡಿ ಎಂದು ಕೈ ಮುಗಿದಿದ್ದನಂತೆ. ನೀನು ನಕ್ಕೆಯಂತೆ. "ಮಗಳ ಹೆಸರಿಗೆ ಹೋಗ್ಯದ ಬಿಡಪಾ, ಹಂಗ ಇರ್ಲಿ" ಎಂದೆಯಂತೆ. ಆಮೇಲೂ ಕಾಲುವೆಗೆ ಇಳಿಸಿದೆ.

ಹಂಗ ಇರ್ಲಿ. ಏಳು ವರ್ಷ, ಅಪ್ಪಾ. ನಿಶ್ಚಿತಾರ್ಥದ ಪಂಕ್ತಿಯಲ್ಲಿ ಕೂತು ಅಷ್ಟು ಜೋರಾಗಿ ನಕ್ಕಾಗ ನಿನಗೆ ನಿಜ ಗೊತ್ತಿತ್ತು. ಬಸ್‌ಸ್ಟ್ಯಾಂಡಿಗೆ ಬಿಡುವಾಗೆಲ್ಲ ಗೊತ್ತಿತ್ತು. ನನ್ನದು ತಪ್ಪಾಯಿತು ಎಂದು ಮನೆಯಲ್ಲಿ ಒಂದು ಮಾತು ಆಡಿದ್ದರೆ ನಿನ್ನ ಮೀಸೆ ಮಣ್ಣಾಗುತ್ತಿತ್ತೇ? ಕೊನೆಯ ಸಂಜೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು "ಗಾಡಿ..." ಎಂದು ಸುಮ್ಮನಾದೆ. ಹೇಳಬೇಕು ಅಂದುಕೊಂಡಿದ್ದೆಯೋ, ಆಗಲೂ ಗಾಡಿ ಒರೆಸುವ ಚಿಂತೆಯೋ... ನಿನಗೆ ಅನುಕೂಲವಾಗುವ ಹಾಗೆ ಅರ್ಥ ಮಾಡಿಕೊಳ್ಳುವ ಮನಸ್ಸು ನನಗೆ ಇವತ್ತಿಲ್ಲ.

ಕಲಿಯುವಾಗ ಒಂದನೇ ಗೇರಿನಿಂದ ಎರಡಕ್ಕೆ ಹಾಕುವಾಗ ಕರಕ್ ಅನ್ನಿಸುತ್ತಿದ್ದೆ, ಅದು ನನ್ನದು, ಒಪ್ಪುತ್ತೇನೆ. ಉಳಿದದ್ದೆಲ್ಲ ನಿನ್ನದು. ಆ ಬಿಳಿ ಆಯಿಲನ್ನು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಬಂದು ನಿನ್ನ ಫೋಟೋ ಮುಂದೆ ಇಟ್ಟೆ. "ಇದೇನು ಬೇ, ಮಜ್ಜಿಗಿ ಎಡಿ ಇಟ್ಟೀಯೇನು?" ಎಂದು ಅವ್ವ ಕೇಳಿದಳು. ಎಲ್ಲ ಹೇಳಿದೆ. ಮಲ್ಲು ಎದ್ದು ಹೊರಗೆ ಹೋದ. ಅವ್ವ ಬಾಟಲಿ ಕೈಗೆತ್ತಿಕೊಂಡು, "ನಾನೂ ಎಲ್ಲಾರ ಮುಂದ ನಕ್ಕಿದ್ನೆಲ್ಲವ್ವ" ಎಂದಳು. ಕಣ್ಣು ಒರೆಸಿಕೊಂಡಳು. ನಾನು ಸಮಾಧಾನ ಮಾಡಲಿಲ್ಲ.

ಗಾಡಿ ಮಾರಲಿಲ್ಲ. ಸಾಮಾನು ಹುಬ್ಬಳ್ಳಿಯಿಂದ ಬಂದು ರಿಪೇರಿ ಮುಗಿಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಶಾಲೆ ಬಿಟ್ಟ ಮೇಲೆ ಲಿಂಗಸುಗೂರಿನಲ್ಲಿ ಇಳಿದು ಡ್ರೈವಿಂಗ್ ಕಲಿತೆ, ಲೈಸೆನ್ಸ್ ತೆಗೆದುಕೊಂಡೆ. ಮೌಲಾಸಾಬ್ ಕೀಲಿಯನ್ನು ಮಲ್ಲುವಿಗೆ ಕೊಡದೆ ನನ್ನ ಕೈಯಲ್ಲಿಟ್ಟ. ಸಿಂಧನೂರಿನಿಂದ ಮಸ್ಕಿಯವರೆಗೆ ನಾನೇ ಓಡಿಸಿದೆ. ಮೂರನೇ ಗೇರಿಗೆ ಹಾಕಿ, ಎಡಗೈ ತೆಗೆದೆ. ನಿಂತಿತು.

ಇವತ್ತು ಅಮವಾಸ್ಯೆ. ಕಾಲುವೆಗೆ ಒಯ್ಯಲಿಲ್ಲ, ಅಂಗಳದಲ್ಲೇ ಎರಡು ಬಕೆಟ್ ನೀರಲ್ಲಿ ತೊಳೆದೆ. ಅವ್ವ ಲಿಂಬೆಹಣ್ಣು ಇಟ್ಟು ಸರಿದು ನಿಂತಳು, ನಾಲ್ಕನ್ನೂ ನಾನು ಜಜ್ಜಿದೆ. ಅಷ್ಟರಲ್ಲಿ ನಿನ್ನ ತಂಗಿ ಬಂದಳು. ನಾನು ಸ್ಟೇರಿಂಗ್ ಹಿಡಿದದ್ದನ್ನು ಕಂಡು, "ಯವ್ವಾ, ಮತ್ತೊಂದು ಗೇರ್ ಬಾಕ್ಸ್ ತಿನ್ನಾಕ ಕುಂತೀ ಏನ?" ಎಂದು ನಕ್ಕಳು. ನಾನು ನಗಲಿಲ್ಲ. ಅವ್ವ ಒಳಗೆ ಹೋಗಿ ಫೋಟೋ ಮುಂದಿನ ಬಾಟಲಿ ತಂದು ಅತ್ತೆಯ ಕೈಗೆ ಕೊಟ್ಟಳು. "ಗೇರ್ ಬಾಕ್ಸ್ ತಿಂದಾಕಿ ನನ್ನ ಮಗಳಲ್ಲ, ನಿಮ್ಮಣ್ಣ" ಎಂದಳು.

ಬಾಟಲಿ ಮತ್ತೆ ನಿನ್ನ ಮುಂದೆಯೇ ಇದೆ. ಬಂದವರಿಗೆಲ್ಲ ಅವ್ವ ತೋರಿಸುತ್ತಾಳಂತೆ. ನಾಳೆ ಮುದಗಲ್ಲಿಗೆ ಕಾರಿನಲ್ಲಿ ಹೋಗುತ್ತೇನೆ.

ನಿನ್ನ ಮಗಳು