ಓದದೆ ಅಂಟಿಸಿದ ಕಾಗದ

ಅರಳಗುಪ್ಪೆ
೧೨-೩-೧೯೯೪

ತಂಗೀ ಗಂಗಾಂಬಿಕೆ,

ನಿನ್ನ ಹೆಸರಿನ ಮುಂದೆ ಚಿರಂಜೀವಿ ಎಂದು ಬರೆಯಲು ಈಗ ಕೈ ಏಳುವುದಿಲ್ಲ.

ಕೊಬ್ಬರಿ ಒಡೆಯುವ ಹೆಂಗಸರಿಗೆ ಸಂಜೆ ಹೊತ್ತು ಅಕ್ಷರ ಕಲಿಸುತ್ತಿದ್ದೇನೆ. ಅವರಲ್ಲಿ ಪಂಕಜ ಎಂಬಾಕೆ ಆರು ತಿಂಗಳು ಪೆನ್ನು ಮುಟ್ಟಲಿಲ್ಲ. ಕರಟದ ಇದ್ದಿಲಿನಿಂದ ನೆಲದ ಮೇಲೆ ಬರೆಯುವಳು, ಯಾರಾದರೂ ಹತ್ತಿರ ಬಂದರೆ ಕಾಲಿನಿಂದ ಅಳಿಸಿಬಿಡುವಳು. ನಾನು ನೋಡದವನಂತೆ ಇರುತ್ತಿದ್ದೆ. ಇವತ್ತು ತನ್ನ ತಂಗಿಗೆಂದು ಇನ್‌ಲ್ಯಾಂಡ್ ಕಾಗದದ ತುಂಬ ಬರೆದು ತಂದಳು.

"ಓದ್ ನೋಡ್ ತಾತ. ನಗಾಡ್ಬ್ಯಾಡ ಮತ್ತೆ."

"ನಾನ್ಯಾಕವ್ವ ಓದ್ಲಿ? ನಿನ್ ತಂಗಿಗೆ ಬರ್ದಿರೋದು. ಅಂಟ್ಸು."

"ತಪ್ಪಾಗಿದ್ರೆ?"

"ಆಗಿರ್ಲಿ ಬುಡು. ಅವ್ಳಿಗೆ ತಿಳೀತೈತೆ."

ಅನ್ನದ ಅಗುಳಿನಿಂದ ಅಂಟಿಸಿ, ತಾನೇ ಹೋಗಿ ಡಬ್ಬಕ್ಕೆ ಹಾಕಿ ಬಂದಳು.

ಮದುವೆಯಾಗಿ ಹೋದ ಮೇಲೆ ನೀನು ಕೈಯಾರೆ ಬರೆದ ಮೊದಲ ಕಾಗದವನ್ನು ನಾನು ಜಗಲಿಯ ಮೇಲೆ ಕೂತು, ನಿನ್ನಂತೆಯೇ ತಡವರಿಸಿ ಓದಿ, ಹತ್ತು ಜನರನ್ನು ನಗಿಸಿದ್ದೆ. ಸುದ್ದಿ ನಿನಗೆ ಮುಟ್ಟಿತು. ಆಮೇಲೆ ನೀನು ಪೆನ್ನು ಹಿಡಿಯಲಿಲ್ಲ. ಬಂದ ಕಾಗದಗಳೆಲ್ಲ ನಿನ್ನ ಗಂಡ ಬರೆದುಕೊಟ್ಟವು. ಎಲ್ಲದರಲ್ಲೂ "ನಾನು ಇಲ್ಲಿ ಸುಖವಾಗಿದ್ದೇನೆ" ಎಂದಿತ್ತು. ನಿನಗೆ ಕಡೆಯ ಸ್ನಾನಕ್ಕೆ ನೀರು ಹಾಕಿದ ಹೆಂಗಸರು ನಿನ್ನ ಬೆನ್ನಿನ ಬರೆಗಳ ಮಾತೆತ್ತಿದ ದಿನ, ಅವನ್ನೆಲ್ಲ ಮತ್ತೆ ತೆಗೆದು ನೋಡಿದೆ.

ಅವನ ಅಕ್ಷರ ದುಂಡಗಿದೆ. ಒಂದು ತಪ್ಪೂ ಇಲ್ಲವೆಂದು ಅದೇ ಜಗಲಿಯಲ್ಲಿ ಕೂತು ಹೊಗಳಿದ್ದೆ.

ನಿನ್ನಣ್ಣ