ಪೆಪ್ಪರ್‌ಮಿಂಟ್ ಡಬ್ಬಿಯ ಮಾತ್ರೆಗಳು

ಫ್ಲೋರೊ,
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮಗಳು ಸುನ್ನಿವಾಳಿಗೆ,

ನಿನ್ನ ಕೆಮ್ಮು ಇಳಿಯಿತೇ? ಟ್ರೊಮ್ಸೊದಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ; ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡೇ ಹೊರಗೆ ಹೋಗು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹವೆಯ ಜೊತೆ ಜಗಳಕ್ಕಿಳಿದಿದೆ.

ಕಳೆದ ವಾರ ನಮ್ಮ ಈ ವೃದ್ಧರ ಆರೈಕೆ ಮನೆಯಲ್ಲಿ ದೊಡ್ಡ ಗಲಾಟೆ. ಪಕ್ಕದ ಕೋಣೆಯ ಬೋರ್ಗ್‌ಹಿಲ್ಡ್ ಗೊತ್ತಲ್ಲ, ಮರೆವು ಹೆಚ್ಚಾಗಿ ಯಾರ ಕೋಣೆ ಕಂಡರೂ ತನ್ನದೇ ಎಂದು ನುಗ್ಗುವವಳು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಕೂತು, ಕಿಟಕಿಯ ಬಳಿಯಿದ್ದ ಪೆಪ್ಪರ್‌ಮಿಂಟ್ ಡಬ್ಬಿ ತೆರೆದು ಅಗಿಯುತ್ತಿದ್ದಳು. “ಥೂ, ಎಷ್ಟು ಕಹಿ ಮಾರಾಯ ನಿನ್ನ ಪೆಪ್ಪರ್‌ಮಿಂಟು” ಎಂದಳು. ಅದರಲ್ಲಿ ನಾನು ಬಚ್ಚಿಟ್ಟಿದ್ದದ್ದು ನಿದ್ರೆ ಮಾತ್ರೆ. ಗಂಟೆ ಒತ್ತಿದೆ. ನರ್ಸ್ ಇಂಗ್ವಿಲ್ ಓಡಿ ಬಂದಳು, ಮಾತ್ರೆಯ ಹೆಸರು ಹೇಳಿದೆ, ಆಂಬುಲೆನ್ಸ್ ಬಂತು. ಬೋರ್ಗ್‌ಹಿಲ್ಡ್ ಮಾತ್ರ ಮದುವೆಗೆ ಹೊರಟವಳಂತೆ ಎಲ್ಲರಿಗೂ ಕೈ ಬೀಸುತ್ತಾ ಹೋದಳು. ಆ ದಿನ ನನಗೆ ಊಟ ಇಳಿಯಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ವಾಫಲ್ ತಿಂಡಿ ಕೇಳಿದಳಂತೆ. ಈಗ ವಾಪಸು ಬಂದಿದ್ದಾಳೆ, ಮೊದಲಿಗಿಂತ ಗಟ್ಟಿಯಾಗಿ ಹಾಡುತ್ತಾಳೆ.

ಇಂಗ್ವಿಲ್ ನನ್ನನ್ನು ಬಿಡಲಿಲ್ಲ. “ಗೋಡೆಗೆ ಬೀಗದ ಕಪಾಟು ಹಾಕ್ಸಿರೋದು ಚೆಂದಕ್ಕಾ ಅಜ್ಜಾ?” ಎಂದಳು. ಫೆರಿ ಹಡಗು ನಡೆಸಿದವನಿಗೆ ಮಾತ್ರೆ ಕಾಯಲು ಬರುವುದಿಲ್ಲವೇ ಎಂದು ಆ ಕಪಾಟನ್ನು ನಾನು ಗೇಲಿ ಮಾಡುತ್ತಿದ್ದೆ. ಈಗ ಬೀಗವಿಲ್ಲದೆ ಇಟ್ಟ ಮಾತ್ರೆ ಹುಡುಕುತ್ತಾ ಅವಳ ಜೊತೆ ಕೋಣೆ ಕೋಣೆಗೆ ಹೋದೆ. ದಿಂಬಿನಡಿ, ಕಾಲುಚೀಲದೊಳಗೆ, ಬಿಸ್ಕತ್ತಿನ ಡಬ್ಬಿಯಲ್ಲಿ, ಎಲ್ಲೆಲ್ಲಿಂದ ಔಷಧಿ ಹೊರಬಂತು ಎನ್ನುತ್ತೀ! ಎದುರು ಕೋಣೆಯ ಓಡ್‌ವಾರ್ ಬಾಗಿಲಿಗೆ ಅಡ್ಡ ನಿಂತು, “ಏನೋ ಕ್ಯಾಪ್ಟನ್, ಪೊಲೀಸ್ ಕೆಲಸ ಯಾವಾಗ ಸಿಕ್ತು?” ಎಂದು ಕೆಣಕಿದ. “ಬೋರ್ಗ್‌ಹಿಲ್ಡ್ ನಿನ್ನ ಕೋಣೆಗೂ ಬರ್ತಾಳೆ ಕಣೋ” ಎಂದೆ. ಅವನ ನಗು ನಿಂತಿತು. ಬೀರುವಿನಿಂದ ತೀರಿಹೋದ ಹೆಂಡತಿಯ ಹೃದಯದ ಮಾತ್ರೆಯ ಸೀಸೆ ತೆಗೆದ. ಅದರ ಮೇಲೆ ಅವಳ ಹೆಸರಿತ್ತು, ಅದಕ್ಕೇ ಇಟ್ಟುಕೊಂಡಿದ್ದ. ಇಂಗ್ವಿಲ್ ಮಾತ್ರೆಗಳನ್ನಷ್ಟೇ ಸುರಿದುಕೊಂಡು ಖಾಲಿ ಸೀಸೆಯನ್ನು ಒರೆಸಿ ಅವನ ಕೈಗಿಟ್ಟಳು. ಈಗವನು ದಿನವೂ ಬೋರ್ಗ್‌ಹಿಲ್ಡ್‌ಗೆ ನಿಜವಾದ ಪೆಪ್ಪರ್‌ಮಿಂಟ್ ಕೊಡುತ್ತಾನೆ.

ಅಳಿಯ ಯೋಸ್ಟೈನ್‌ಗೆ ನನ್ನ ನೆನಪು ತಿಳಿಸು. ಇಬ್ಬರೂ ಬೆಚ್ಚಗೆ, ಸುಖವಾಗಿರಿ.

ನಿನ್ನ ಅಪ್ಪ,
ತೂರ್ಕೆಲ್

ಮರೆಯುವ ಮುಂಚೆ: ಆ ಮಾತ್ರೆ ಕ್ರಿಸ್‌ಮಸ್‌ನಲ್ಲಿ ನೀನು ನಿನ್ನ ಮಾತ್ರೆಗಳಲ್ಲೇ ಕೆಲವನ್ನು ತೆಗೆದು ಕೊಟ್ಟದ್ದು ಎಂದು ಇಂಗ್ವಿಲ್‌ಗೆ ಹೇಳಿದೆ. ನಿದ್ರೆಯಿಲ್ಲ ಎಂದು ನಿನ್ನನ್ನು ಪೀಡಿಸಿದವನು ನಾನು ಎಂದೂ ಹೇಳಿದೆ. ಅದರ ಬಗ್ಗೆ ಮಾತಾಡಲು ಮುಂದಿನ ವಾರ ಅವಳು ನಿನಗೆ ಫೋನ್ ಮಾಡುತ್ತಾಳೆ. ಅದಕ್ಕೆ ಮೊದಲು ನನ್ನಿಂದಲೇ ನಿನಗೆ ಗೊತ್ತಾಗಲಿ ಎಂದು ಬರೆದೆ. ಅಳಬೇಡ ಮಗಳೇ. ಈಸ್ಟರ್‌ಗೆ ಬಾ, ಬೋರ್ಗ್‌ಹಿಲ್ಡ್ ಹಾಡುವುದನ್ನು ನೀನೇ ಕೇಳು.