ಅಮ್ಮನ ಹಳೆಯ ಪರದೆ

ಮನೆ,
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಭಾವನ ಕೆಮ್ಮು ಕಡಿಮೆಯಾಯಿತೇ? ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅಳುತ್ತೀಯ, ನಾನು ಸಿಡುಕುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಅಮ್ಮನ ಮರೆವು ನೀನು ಅಂದುಕೊಂಡಷ್ಟಕ್ಕೇ ನಿಂತಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ, ಬೆಳಗಾದರೆ ತಲೆ ಬಾಚಿಕೊಂಡು ನೀನು ಕೊಡಿಸಿದ ಕಂಪ್ಯೂಟರ್ ಮುಂದೆ ಡ್ಯೂಟಿಗೆ ಬಂದವಳಂತೆ ಕೂರುತ್ತಾಳೆ. ಪರದೆ ನೋಡಿ ಬೆದರಿ, ಇದು ನನ್ನ ಮಿಷನ್ ಅಲ್ಲ ಎಂದು ಎದ್ದುಬಿಡುತ್ತಾಳೆ. ಅವಳು ಆಹ್ವಾನಪತ್ರಿಕೆ ಜೋಡಿಸುತ್ತಿದ್ದ ಕಾಲದ ಪರದೆ ಕಂಡರೆ ಸಮಾಧಾನವಾದೀತೆಂದು, ಅದೇ ಕಂಪ್ಯೂಟರಿನೊಳಗೆ ಹೊಸ ಸಿಸ್ಟಮ್ ಸಾಫ್ಟ್‌ವೇರಿನ ಪಕ್ಕದಲ್ಲೇ ಹಳೆಯದನ್ನೂ ಹಾಕಲು ಹೊರಟೆ. ಅಟ್ಟದ ಪೆಟ್ಟಿಗೆಯಲ್ಲಿ ಅವಳ ಆ ಹಳೆಯ ಸಿಸ್ಟಮ್ಮಿನ ಸಿ.ಡಿ. ಸಿಕ್ಕಿತು. ಹಾಕಿದ್ದೇನೋ ಆಯಿತು, ಆನ್ ಮಾಡಿದರೆ ಬಂದದ್ದು ಹಳೆಯದೊಂದೇ, ಹೊಸದರ ಸುಳಿವೇ ಇಲ್ಲ. ಹೋದ ತಿಂಗಳು ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖ ಕಾಣಲಿಲ್ಲವೆಂದು ರೇಗಾಡಿದೆಯಲ್ಲ, ಅದು ಈ ಘನಕಾರ್ಯದ ಫಲ. ರಿಪೇರಿ ಅಂಗಡಿಯವನು ಬಂದು ನಕ್ಕ. ಮೊದಲು ಹಳೆಯದು, ಆಮೇಲೆ ಹೊಸದು ಹಾಕಬೇಕಂತೆ. ಹಳೆಯದಕ್ಕೆ ತನ್ನ ನಂತರ ಬಂದದ್ದು ಗೊತ್ತೇ ಇರುವುದಿಲ್ಲವಂತೆ. "ಹೊಸದು ಎಲ್ಲೂ ಹೋಗಿಲ್ಲ ಸರ್, ಒಳಗೆ ಹಾಗೇ ಇದೆ. ಇದಕ್ಕೆ ಅದರ ಪರಿಚಯ ಇಲ್ಲ ಅಷ್ಟೆ," ಅಂದ. ಅಮ್ಮ ಪಕ್ಕದಲ್ಲೇ ನಿಂತು ಕೀಬೋರ್ಡಿನ ಧೂಳು ಒರೆಸುತ್ತಿದ್ದಳು.

ಅವನು ಎರಡೂ ಬರುವಂತೆ ಮಾಡಿಕೊಟ್ಟ. ಆನ್ ಮಾಡಿದರೆ ಎರಡರ ಹೆಸರೂ ಕಾಣುತ್ತವೆ, ಬೇಕಾದ್ದನ್ನು ಒತ್ತಬೇಕು. ಅಮ್ಮ ಒತ್ತುವುದು ಹಳೆಯದನ್ನೇ. ಅಲ್ಲಿ ಅವಳು ಮೊದಲಿನವಳೇ ಅಕ್ಕಾ. ಬೆರಳು ಓಡುತ್ತವೆ, ಅಕ್ಷರಗಳ ನಡುವೆ ಜಾಗ ಸರಿಯಿಲ್ಲವೆಂದು ಗೊಣಗುತ್ತಾ ಯಾರದೋ ಮದುವೆಯ ಕಾರ್ಡು ಜೋಡಿಸುತ್ತಾಳೆ. ನನ್ನನ್ನು ಮಾಲೀಕರ ಕಡೆಯವನೆಂದುಕೊಂಡು, ಕಾಗದ ಮುಗಿದಿದೆ, ತರಿಸಿಕೊಡಿ ಅನ್ನುತ್ತಾಳೆ. ಹುಟ್ಟಿದಂದಿನಿಂದ ಅಮ್ಮನ ಬಾಯಲ್ಲಿ ನನಗೆ ಮರ್ಯಾದೆ ಸಿಕ್ಕಿದ್ದು ಈಗಲೇ. ನಗಬೇಡ, ಬಚ್ಚಲಿಗೆ ಹೋಗಿ ಅತ್ತು ಬಂದಿದ್ದೇನೆ. ನಾಲ್ಕು ಗಂಟೆಗೆ ಎದ್ದು, ಮಗಳು ಸ್ಕೂಲಿಂದ ಬರುವ ಹೊತ್ತಾಯಿತೆಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಕತ್ತಲಾಗುವವರೆಗೂ ಒಳಗೆ ಬರುವುದಿಲ್ಲ.

ಇವತ್ತು ಹೊಸದನ್ನು ತೆರೆದು ನಿನ್ನನ್ನು ತೋರಿಸಿದೆ. "ಕಾರ್ಡು ಸೋಮವಾರ ಸಿಗುತ್ತೆ, ನೀವೇನೂ ಯೋಚನೆ ಮಾಡ್ಬೇಡಿ," ಅಂದಳಲ್ಲ, ತಮಾಷೆ ಎಂದು ನಕ್ಕೆ ನೀನು. ಅದು ತಮಾಷೆಯಲ್ಲ ಅಕ್ಕಾ. ಅವಳ ಪಾಲಿಗೆ ನೀನೊಬ್ಬಳು ಗಿರಾಕಿ. ಇನ್ನು ಸುಧಾರಿಸುವ ಮಾತಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿಗೆ ಎಣ್ಣೆ ಹಚ್ಚಲು ಸೋಮಾರಿತನ ಮಾಡಬೇಡ.

ನಿನ್ನ ತಮ್ಮ,
ಮೊದ್ದು

ಇದೊಂದು ಬಿಟ್ಟೆ: ಹೊಸದನ್ನು ತೆರೆದ ದಿನ ಅವಳು ಹೆದರಿ ಊಟ ಬಿಡುತ್ತಾಳೆ, ಹಾಗಾಗಿ ನಾಳೆ ಅದನ್ನು ತೆಗೆಸುತ್ತಿದ್ದೇನೆ. ಇನ್ನು ಭಾನುವಾರ ಕಾಯಬೇಡ. ರಜೆಗೂ ಕಾಯಬೇಡ, ಬಂದುಬಿಡು. ನಾಲ್ಕು ಗಂಟೆಯ ಹೊತ್ತಿಗೆ ಬಾ. ಎರಡು ಜಡೆ ಹಾಕಿಕೊಂಡು ಬಾ, ಕೂದಲು ನರೆತಿದ್ದರೂ ಸರಿ. ಗುರುತು ಹಿಡಿಯುತ್ತಾಳೆಂದು ನಾನು ಹೇಳುವುದಿಲ್ಲ. ಬಾಗಿಲಲ್ಲಂತೂ ನಿಂತಿರುತ್ತಾಳೆ.